ಒಳಲೆಯಿಂದ ಬಾಟಲಿಯವರೆಗೆ



ಕಿತ್ತೂರಿನ ನೆಲದಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಇತಿಹಾಸ ಬೋಧಿಸಿದವಳು ನಾನು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಮಡಿದುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವರು ನಿಮ್ಮಲ್ಲಿದ್ದೀರಿ. ಆದರೆ ನಮ್ಮ ತಾಯಂದಿರು ಹಸುಗೂಸುಗಳನ್ನು ಹೇಗೆ ಉಳಿಸಿಕೊಂಡರೆಂಬ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ, ನಾನೂ ಹೇಳಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ.

ನನ್ನ ತಾಯಿ ಕೊಟ್ಟ ಬೆಳ್ಳಿಯ ಒಳಲೆಯೊಂದು ನಮ್ಮ ಮನೆಯಲ್ಲಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ತುದಿಯಲ್ಲಿ ಹಕ್ಕಿಯ ಕೊಕ್ಕಿನಂಥ ಚೂಪು. ಮೊಲೆ ಚೀಪಲಾರದ ನಿತ್ರಾಣದ ಕೂಸಿಗೆ, ತಾಯಿ ಕೈಯಿಂದ ಹಿಂಡಿದ ಹಾಲನ್ನು ಇದರಲ್ಲಿ ಹನಿಹನಿಯಾಗಿ ಕುಡಿಸುತ್ತಿದ್ದರು. ತಮಿಳರು ಇದನ್ನು ಪಾಲಾಡೈ ಎನ್ನುತ್ತಾರೆ. ಸಂದುಗೊಂದುಗಳಿಲ್ಲದ ಕಾರಣ ತೊಳೆಯುವುದು ಸುಲಭ. ಆದ್ದರಿಂದಲೇ ದಿನ ತುಂಬುವ ಮೊದಲು ಹುಟ್ಟಿದ ಶಿಶುಗಳಿಗೆ ಇಂದಿಗೂ ನಮ್ಮ ದೇಶದ ಆಸ್ಪತ್ರೆಗಳು ಇದನ್ನು ಬಳಸುತ್ತವೆ. ತಾಯಿಗೆ ಹಾಲಿಲ್ಲದಿದ್ದರೆ ಮತ್ತೊಬ್ಬ ಬಾಣಂತಿ ಎದೆಗೊಡುತ್ತಿದ್ದಳು. ಅಂಥ ಧಾತ್ರಿ ಎಂಥವಳಿರಬೇಕೆಂದು ಸುಶ್ರುತ ಸಂಹಿತೆಯೇ ವಿವರಿಸಿದೆ.

ಬಾಟಲಿಯ ಕಥೆ ಬೇರೆ. ರಬ್ಬರಿನ ತೊಟ್ಟು ಅಮೆರಿಕದಲ್ಲಿ 1845ರಲ್ಲಿ ಪೇಟೆಂಟ್ ಪಡೆಯಿತು, ಹಾಲು ಹೀರುವ ಪಂಪು 1854ರಲ್ಲಿ. 1867ರಲ್ಲಿ ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆ ತನ್ನ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದನು. ಅದೇ ಶತಮಾನದ ಇಂಗ್ಲೆಂಡಿನಲ್ಲಿ ಉದ್ದನೆಯ ರಬ್ಬರ್ ಕೊಳವೆಯ ಬಾಟಲಿಗಳು ಬಂದವು. ಕೊಳವೆಯೊಳಗೆ ಕೈ ಹೋಗದು, ಹಾಲು ಕೊಳೆಯುವುದು. ಎಷ್ಟು ಕೂಸುಗಳು ಸತ್ತವೆಂದರೆ ಜನರು ಅವಕ್ಕೆ ‘ಕೊಲೆಗಾರ ಬಾಟಲಿ’ ಎಂದೇ ಹೆಸರಿಟ್ಟರು.

ನಮ್ಮಲ್ಲಿ ಹಾಲಿನ ಪುಡಿ ಮನೆಮಾತಾದುದರ ಹಿಂದೆ ಮೈಸೂರಿನ ನಂಟಿದೆ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸಲಾಗದೆಂದು ಪರದೇಶದ ತಜ್ಞರು ನಂಬಿದ್ದ 1950ರ ದಶಕದಲ್ಲಿ, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಅದನ್ನು ಸಾಧಿಸಿತು. ಆನಂದದ ಅಮುಲ್ ಅದನ್ನು ಡಬ್ಬಿಗಳಲ್ಲಿ ತುಂಬಿ ದೇಶಕ್ಕೆ ಹಂಚಿತು. ತಾಯಿಯಿಲ್ಲದ ಕೂಸುಗಳಿಗೆ ಅದು ವರದಾನವೇ ಸರಿ. ಆದರೆ ಎದೆ ತುಂಬ ಹಾಲಿದ್ದವರ ಮನೆಗೂ ಡಬ್ಬಿ ಬಂದಿತು. ನಮ್ಮ ಮನೆಗೂ.

1989ರಲ್ಲಿ ಮಗಳು ಹುಟ್ಟಿದಳು. ಮೂರು ತಿಂಗಳ ರಜೆ ಮುಗಿಯುತ್ತಲೇ ಶಾಲೆಗೆ ಮರಳಿದೆ. ಮೂರನೆಯ ಅವಧಿಯ ಹೊತ್ತಿಗೆ ಎದೆ ಕಲ್ಲಾಗುತ್ತಿತ್ತು. ಸೆರಗನ್ನು ಬಿಗಿಯಾಗಿ ಹೊದ್ದು ಪಾಠ ಮುಗಿಸಿ, ಹಿತ್ತಲಿನಲ್ಲಿ ಮರೆಯಲ್ಲಿ ನಿಂತು ಹಾಲನ್ನು ಹಿಂಡಿ, ಯಾರೂ ತುಳಿಯದ ಗಿಡದ ಬುಡಕ್ಕೆ ಚೆಲ್ಲುತ್ತಿದ್ದೆ. ಅದೇ ಹೊತ್ತಿಗೆ ಮನೆಯಲ್ಲಿ ನನ್ನ ಕೂಸು ಬಾಟಲಿಯಲ್ಲಿ ಪುಡಿಯ ಹಾಲು ಕುಡಿಯುತ್ತಿತ್ತು. ಹಿಂಡಿದ ಹಾಲನ್ನು ಕಾಯ್ದಿಡಬಹುದೆಂದು ನನಗೆ ಯಾರೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ಎರಡು ತಿಂಗಳಲ್ಲಿ ಹಾಲು ಬತ್ತಿತು. ಆ ಬೇಸಗೆಯಲ್ಲಿ ಮಗಳಿಗೆ ಭೇದಿಯಾಗಿ, ನಾಲ್ಕು ರಾತ್ರಿ ಅವಳ ಉಸಿರನ್ನೇ ಎಣಿಸುತ್ತ ಕುಳಿತಿದ್ದೆ.

ಆಮೇಲೆ ಓದಿ ತಿಳಿದೆ: ಅದೇ 1989ರಲ್ಲಿ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕನ್ನು ತೆರೆದಿದ್ದರು. ಇಂಥ ಬ್ಯಾಂಕುಗಳಲ್ಲಿ ದಾನವಾಗಿ ಬಂದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ತಣಿಸಿ, ಕಾಯ್ದಿಡುತ್ತಾರೆ. ಬೈಲಹೊಂಗಲದಿಂದ ಮುಂಬಯಿಗೆ ಒಂದು ರಾತ್ರಿಯ ಪ್ರಯಾಣ. ಅಲ್ಲಿ ಹನಿಹನಿಯಾಗಿ ಕೂಡಿಡುತ್ತಿದ್ದುದನ್ನು ಇಲ್ಲಿ ನಾನು ಮಣ್ಣಿಗೆ ಸುರಿಯುತ್ತಿದ್ದೆ.

ಜಗತ್ತು ಎಚ್ಚೆತ್ತಿರಲಿಲ್ಲವೆಂದಲ್ಲ. 1981ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಅಧಿವೇಶನ ಹಾಲಿನ ಪುಡಿಯ ಪ್ರಚಾರಕ್ಕೆ ಕಡಿವಾಣ ಹಾಕುವ ಸಂಹಿತೆಯನ್ನು ಅಂಗೀಕರಿಸಿತ್ತು. ಭಾರತವು 1992ರಲ್ಲಿ ಕಾಯಿದೆ ಮಾಡಿ ಪುಡಿ ಮತ್ತು ಬಾಟಲಿ ಎರಡರ ಜಾಹೀರಾತನ್ನೂ ನಿಷೇಧಿಸಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿಯೂ 2022ರಲ್ಲಿ ತಾಯಿಹಾಲಿನ ಬ್ಯಾಂಕು ಆರಂಭವಾಯಿತು.

ಆ ಮಗಳೇ ಈಗ ತಾಯಿ. ಕಚೇರಿಗೆ ಹೋಗುವ ಮೊದಲು ಪಂಪಿನಿಂದ ಹಾಲು ತೆಗೆದು, ಡಬ್ಬಿಯ ಮೇಲೆ ವೇಳೆ ಬರೆದು ಫ್ರಿಜ್ಜಿನಲ್ಲಿಡುತ್ತಾಳೆ. ಹೊರಗಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಾದರೆ ನಾಲ್ಕು ದಿನ ಎಂದು ನನಗೇ ಪಾಠ ಹೇಳುತ್ತಾಳೆ. ಎದೆ ಬರಿದಾದಷ್ಟೂ ಹಾಲು ಊರುತ್ತದೆ, ತುಂಬಿದಂತೆಯೇ ಬಿಟ್ಟರೆ ಬತ್ತುತ್ತದೆ ಎಂಬುದನ್ನೂ ಅವಳಿಂದಲೇ ಕಲಿತೆ. ಅವಳ ಬಾಟಲಿಗಳನ್ನು ನಾನು ಪಕ್ಕಕ್ಕೆ ಸರಿಸಿದೆ. ಬಿಸಿನೀರಿನ ಪಾತ್ರೆಯಲ್ಲಿ ಹಾಲನ್ನು ಬೆಚ್ಚಗಾಗಿಸಿ, ಮೊಮ್ಮಗನಿಗೆ ಅದೇ ಒಳಲೆಯಲ್ಲಿ ಕುಡಿಸುತ್ತೇನೆ. ಅವ್ವ ಮನೆಯಲ್ಲಿಲ್ಲದಿದ್ದರೂ ಅವನು ಅವ್ವನ ಹಾಲನ್ನೇ ಕುಡಿಯುತ್ತಾನೆ.

ನನ್ನ ವಿದ್ಯಾರ್ಥಿನಿಯರಲ್ಲಿ ಹಲವರು ಇಂದು ನೌಕರಿಯಲ್ಲಿದ್ದೀರಿ. ಶಿಕ್ಷಕಿಯಾಗಿ ಅಂದು ಹೇಳದ ಮಾತನ್ನು ಈಗ ಹೇಳುತ್ತೇನೆ: ಹಾಲನ್ನು ಚೆಲ್ಲಬೇಡಿರಿ, ಮರೆಯಲ್ಲಿ ನಿಂತು ನಾಚಬೇಡಿರಿ. ನನ್ನ ವಿದ್ಯಾರ್ಥಿಗಳಲ್ಲಿ ಮುಖ್ಯೋಪಾಧ್ಯಾಯರು, ಅಧಿಕಾರಿಗಳು ಆದವರೂ ಇದ್ದೀರಿ. ನಿಮ್ಮ ಕೈಕೆಳಗಿನ ತಾಯಂದಿರಿಗೆ ಬಾಗಿಲಿಗೆ ಚಿಲಕವಿರುವ ಒಂದು ಕೋಣೆಯನ್ನು ಕೊಡಿರಿ. ಗುರುದಕ್ಷಿಣೆ ಎಂದರೆ ನನಗೆ ಅಷ್ಟೇ ಸಾಕು.