ಊರಿಗೊಂದು ಅಲೆ, ನಾಡಿಗೊಂದು ಅಲೆ

1936ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಒಂದೇ ತಲೆನೋವು: ದೇಶ ದೊಡ್ಡದು, ದುಡ್ಡು ಕಡಿಮೆ. ಸಲಹೆಗೆಂದು ಬಿ.ಬಿ.ಸಿ.ಯಿಂದ ಬಂದ ಎಚ್.ಎಲ್. ಕರ್ಕ್ ಮೀಡಿಯಂ ವೇವ್ ಕೇಂದ್ರಗಳ ಯೋಜನೆ ಕೊಟ್ಟರು. ಆದರೆ ಹಗಲಿನಲ್ಲಿ ಮೀಡಿಯಂ ವೇವ್ ನೆಲ ಹಿಡಿದೇ ಸಾಗಬೇಕು, ದೂರ ಹೋದಂತೆ ಸೊರಗುತ್ತದೆ. ಪಟ್ಟಣಕ್ಕೆ ಸಂಗೀತ, ಹಳ್ಳಿಗೆ ಬರೀ ಗೊರಗೊರ!

ಅದೇ ವರ್ಷ ಚೀಫ್ ಎಂಜಿನಿಯರ್ ಆಗಿ ಬಂದವರು ಸಿ.ಡಬ್ಲ್ಯು. ಗೋಯ್ಡರ್. 1924ರಲ್ಲಿ, ಲಂಡನ್ನಿನ ಮಿಲ್ ಹಿಲ್ ಶಾಲೆಯ ಹುಡುಗನಾಗಿದ್ದಾಗಲೇ ನ್ಯೂಜಿಲೆಂಡಿನ ಜೊತೆ ರೇಡಿಯೋದಲ್ಲಿ ಮಾತುಕತೆ ನಡೆಸಿದ್ದ ಭೂಪ ಅವರು. ವಾತಾವರಣದ ಮೇಲ್ಪದರಕ್ಕೆ ತಗುಲಿ ದೂರದೂರಿಗೆ ಇಳಿಯುವ ಶಾರ್ಟ್ ವೇವ್ ಮೇಲೆ ಅವರಿಗೆ ನಂಬಿಕೆ. 1937ರ ಡಿಸೆಂಬರ್‌ನಲ್ಲಿ ದಿಲ್ಲಿಗೆ, 1938ರಲ್ಲಿ ಮುಂಬಯಿ, ಮದರಾಸು, ಕಲ್ಕತ್ತೆಗಳಿಗೆ ಶಾರ್ಟ್ ವೇವ್ ಬಂತು.

ಚೆನ್ನೈ ಕೇಳುಗರು ಗಮನಿಸಿ, ನಿಮ್ಮೂರಿನ ಲೆಕ್ಕವೇ ಸೊಗಸು. ಒಂದೇ ನಿಲಯಕ್ಕೆ ಎರಡು ಟ್ರಾನ್ಸ್‌ಮಿಟರ್: ಊರಿನವರಿಗೆ 250 ವ್ಯಾಟ್ ಮೀಡಿಯಂ ವೇವ್, ದೂರದವರಿಗೆ 10 ಕಿಲೋವ್ಯಾಟ್ ಶಾರ್ಟ್ ವೇವ್. ಕೈಯಲ್ಲಿದ್ದ ಕಾಸಿಗೆ ಇದಕ್ಕಿಂತ ಜಾಣತನ ಸಾಧ್ಯವಿರಲಿಲ್ಲ ಎಂದೇ ನನಗನಿಸುತ್ತದೆ. ಶಾರ್ಟ್ ವೇವ್ ದನಿ ಏರಿಳಿಯುತ್ತಿತ್ತು, ನಿಜ. ಅಲೆಯೇನೋ ಹಳ್ಳಿಯ ಸೂರಿನ ಮೇಲೂ ಹಾಯುತ್ತಿತ್ತು, ಆದರೆ ಅದನ್ನು ಹಿಡಿಯುವ ಸೆಟ್ಟಿನ ಬೆಲೆ ರೈತನ ಕೈಗೆಟುಕುತ್ತಿರಲಿಲ್ಲ.