ಆಫ್‌ರೋಡ್ ವಾಹನಕ್ಕೆ ಹೆಚ್ಚುವರಿ ಇಂಧನ ಟ್ಯಾಂಕ್: ಮಾಡಿಸುವ ಮುನ್ನ ಇವಿಷ್ಟು ಗೊತ್ತಿರಲಿ

ದೆಹಲಿ, ಮುಂಬೈ, ಪುಣೆಗಳಿಂದ ಸ್ವಂತ ವಾಹನದಲ್ಲಿ ಲಡಾಖ್‌ಗೆ ಹೊರಡುವವರಿಗೆ ತಾಂಡಿ ಎಂಬ ಹೆಸರು ಪರಿಚಿತ. ಮನಾಲಿ-ಲೇಹ್ ರಸ್ತೆಯಲ್ಲಿ ಬರುವ ಇಲ್ಲಿನ ಪೆಟ್ರೋಲ್ ಬಂಕ್‌ ‘ಮುಂದಿನ ಬಂಕ್ 365 ಕಿ.ಮೀ.’ ಎಂಬ ಫಲಕದಿಂದಲೇ ಪ್ರಸಿದ್ಧಿ. ಈ ದೂರ ನೆನೆದು ಹಲವರು ಊರಿನ ಗ್ಯಾರೇಜ್‌ನಲ್ಲೇ ಹೆಚ್ಚುವರಿ ಟ್ಯಾಂಕ್ ಮಾಡಿಸಲು ಮುಂದಾಗುತ್ತಾರೆ. ನೋಡಲು ಇದು ಬರೀ ತಗಡಿನ ಪೆಟ್ಟಿಗೆ. ಆದರೆ ತಪ್ಪಿದರೆ ಬೆಂಕಿಯ ಅಪಾಯ ಖಚಿತ.

ನಿಜಕ್ಕೂ ಬೇಕೇ?

ಮೊದಲು ಲೆಕ್ಕ ಹಾಕಿ. ಮಾರುತಿ ಜಿಮ್ನಿಯ ಟ್ಯಾಂಕ್ 40 ಲೀಟರ್, ಮಹೀಂದ್ರಾ ಥಾರ್‌ನದು 57 ಲೀಟರ್. ಬೆಟ್ಟದ ಏರಿನಲ್ಲಿ ಲೀಟರ್‌ಗೆ 10 ಕಿ.ಮೀ. ಸಿಕ್ಕರೂ ಜಿಮ್ನಿ 400 ಕಿ.ಮೀ. ಓಡುತ್ತದೆ. ದಾರಿ ಬದಲಾದರೆ, ಹಿಂದಿರುಗಬೇಕಾಗಿ ಬಂದರೆ ಸಾಲದು. ಆದರೆ ಆ ಕೊರತೆಯನ್ನು 20 ಲೀಟರ್‌ನ ಒಂದು ಲೋಹದ ಜೆರ‍್ರಿ ಕ್ಯಾನ್ ತುಂಬಿಕೊಡುತ್ತದೆ. ದಿನಗಟ್ಟಲೆ ಬಂಕ್ ಸಿಗದ ಪ್ರದೇಶಕ್ಕೆ ಹೋಗುವವರಿಗೆ ಮಾತ್ರ ಟ್ಯಾಂಕ್‌ನ ಅಗತ್ಯ ಬೀಳುತ್ತದೆ.

ಅಳತೆ ಮತ್ತು ತೂಕ

60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ಟ್ಯಾಂಕ್ 45 ಲೀಟರ್ ಹಿಡಿಯುತ್ತದೆ. ಅಷ್ಟು ಡೀಸೆಲ್‌ನ ತೂಕವೇ ಸುಮಾರು 37 ಕೆ.ಜಿ., ಟ್ಯಾಂಕ್‌ನ ತೂಕ ಬೇರೆ. ಬಾಯಿವರೆಗೆ ತುಂಬಬಾರದು. ತಾಪಮಾನ 20 ಡಿಗ್ರಿ ಏರಿದರೆ ಪೆಟ್ರೋಲ್ ಸುಮಾರು ಶೇ 2ರಷ್ಟು ಹಿಗ್ಗುತ್ತದೆ.

ಒಳಗೆ ಏನಿರಬೇಕು?

* ತಡೆಗೋಡೆ: ಅರ್ಧ ತುಂಬಿದ ಟ್ಯಾಂಕ್‌ನಲ್ಲಿ ಇಂಧನ ಅತ್ತಿಂದಿತ್ತ ಅಪ್ಪಳಿಸುತ್ತದೆ. ವೆಲ್ಡಿಂಗ್ ಬಿರುಕು ಬಿಡಲು ಇದೂ ಕಾರಣ. ತೂತುಗಳಿರುವ ಅಡ್ಡ ತಗಡುಗಳು ಈ ಹೊಡೆತವನ್ನು ತಗ್ಗಿಸುತ್ತವೆ.
* ಗಾಳಿ ಕೊಳವೆ: ಇಂಧನ ಖಾಲಿಯಾದಂತೆ ಗಾಳಿ ಒಳಬರದಿದ್ದರೆ ಹರಿವು ನಿಲ್ಲುತ್ತದೆ. ವಾಹನ ಮಗುಚಿದಾಗ ತಾನೇ ಮುಚ್ಚಿಕೊಳ್ಳುವ ವಾಲ್ವ್ ಈ ಕೊಳವೆಗೆ ಕಡ್ಡಾಯವಾಗಿ ಇರಲಿ.
* ಲೋಹ: ಉಕ್ಕು ಅಥವಾ ಅಲ್ಯೂಮಿನಿಯಂ ಸೂಕ್ತ. ಸತು ಲೇಪಿಸಿದ ಜಿಐ ತಗಡು ಡೀಸೆಲ್‌ಗೆ ಬೇಡ. ಸತು ಡೀಸೆಲ್‌ನೊಂದಿಗೆ ವರ್ತಿಸಿ ಫಿಲ್ಟರ್, ಇಂಜೆಕ್ಟರ್‌ಗಳನ್ನು ಕೆಡಿಸುತ್ತದೆ.

ಎಲ್ಲಿ ಕೂರಿಸಬೇಕು?

ಚಾಸಿಯ ಎರಡು ಪಟ್ಟಿಗಳ ನಡುವೆ, ಸೈಲೆನ್ಸರ್ ಕೊಳವೆಯಿಂದ ದೂರದಲ್ಲಿ, ಕಲ್ಲು ತಾಗದಂತೆ ಕೆಳಗೆ ರಕ್ಷಣಾ ತಗಡಿನೊಂದಿಗೆ ಕೂರಿಸಬೇಕು. ಪ್ರಯಾಣಿಕರು ಕೂರುವ ಜಾಗದಲ್ಲಿ ಎಂದಿಗೂ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದಲ್ಲೇ ಸಂಗ್ರಹವಾಗಿ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಟ್ಯಾಂಕ್ ಮತ್ತು ಇಂಧನ ತುಂಬುವ ಲೋಹದ ಕೊಳವೆ ಎರಡನ್ನೂ ತಂತಿಯಿಂದ ಚಾಸಿಗೆ ಜೋಡಿಸಿದರೆ ಸ್ಥಿರ ವಿದ್ಯುತ್ತಿನ ಕಿಡಿ ತಪ್ಪುತ್ತದೆ.

ಡೀಸೆಲ್ ಎಂಜಿನ್ ಬಳಸದೆ ಉಳಿದ ಇಂಧನವನ್ನು ಟ್ಯಾಂಕ್‌ಗೆ ಹಿಂದಿರುಗಿಸುತ್ತದೆ. ಎಂಜಿನ್ ಎರಡನೇ ಟ್ಯಾಂಕ್‌ನಿಂದ ಎಳೆದು ಮೂಲ ಟ್ಯಾಂಕ್‌ಗೆ ಹಿಂದಿರುಗಿಸುವಂತಿದ್ದರೆ ಅದು ತುಂಬಿ ಹರಿಯುತ್ತದೆ. ಹೀಗಾಗಿ ಪಂಪ್ ಮೂಲಕ ಮೂಲ ಟ್ಯಾಂಕ್‌ಗೆ ಇಂಧನ ವರ್ಗಾಯಿಸುವುದೇ ಸರಳ ದಾರಿ. ಪಂಪ್ ಹಾಕುವ ಮುನ್ನ ಮೂಲ ಟ್ಯಾಂಕ್‌ನಲ್ಲಿ ಜಾಗವಿದೆಯೇ ನೋಡಿಕೊಳ್ಳಿ.

ಸೋರಿಕೆ ಪರೀಕ್ಷೆಯನ್ನು ಇಂಧನ ತುಂಬಿ ಮಾಡಬೇಡಿ. ಖಾಲಿ ಟ್ಯಾಂಕ್‌ಗೆ ಕಡಿಮೆ ಒತ್ತಡದ ಗಾಳಿ ಬಿಟ್ಟು, ವೆಲ್ಡಿಂಗ್ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಒಮ್ಮೆ ಇಂಧನ ಕಂಡ ಟ್ಯಾಂಕ್ ಖಾಲಿ ಇದ್ದರೂ ಅದರಲ್ಲಿ ಆವಿ ಉಳಿದಿರುತ್ತದೆ. ಅದನ್ನು ಹಾಗೆಯೇ ವೆಲ್ಡಿಂಗ್‌ಗೆ ಕೊಟ್ಟರೆ ಸಿಡಿಯಬಹುದು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಸಾಧ್ಯ. ಅಪಘಾತವಾದರೆ ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯಲು ಇದೇ ಕಾರಣವಾಗಬಹುದು. ಆದ್ದರಿಂದ ಗ್ಯಾರೇಜ್‌ಗಿಂತ ಮೊದಲು ಆರ್‌ಟಿಒ ಕಚೇರಿ ಮತ್ತು ವಿಮಾ ಕಂಪನಿಯನ್ನು ಕೇಳಿ.

ಕ್ಯಾನ್ ಒಯ್ಯುವವರಿಗೂ ಮಿತಿಯಿದೆ. ಪೆಟ್ರೋಲಿಯಂ ಕಾಯ್ದೆ 1934ರ ಸೆಕ್ಷನ್ 8ರ ಪ್ರಕಾರ, ಮಾರಾಟಕ್ಕಲ್ಲದ 30 ಲೀಟರ್‌ವರೆಗಿನ ಪೆಟ್ರೋಲ್‌ಗೆ ಪರವಾನಗಿ ಬೇಕಿಲ್ಲ. ಆದರೆ ಲೋಹದ ಕ್ಯಾನ್ 25 ಲೀಟರ್ ಮೀರುವಂತಿಲ್ಲ, ಮುಚ್ಚಳ ಬಿಗಿಯಾಗಿರಬೇಕು. ಕ್ಯಾನನ್ನು ಡಿಕ್ಕಿಯಲ್ಲಿಟ್ಟು ತುಂಬಿಸದೆ, ನೆಲದ ಮೇಲಿಟ್ಟೇ ತುಂಬಿಸಿ.