ನೇತ್ರಾಣಿ ಸ್ಕೂಬಾ: ಒಂದು ದಿನದ ಮುಳುಗು ಬೇರೆ, ಡೈವಿಂಗ್ ಕಾರ್ಡ್ ಬೇರೆ – ಹೊರಡೋ ಮುಂಚೆ ಓದಿ

ಕೆ.ಆರ್.ಪುರ: ಅಪ್ಪು ಅವರ ‘ಗಂಧದ ಗುಡಿ’ (2022) ನೋಡಿದ ಮೇಲೆ ನೇತ್ರಾಣಿ ಹೆಸರು ನಮ್ಮ ಕಡೆ ಹುಡುಗರಿಗೂ ಗೊತ್ತಾಯ್ತು. ರಜೆ ಬಂತು ಅಂದ್ರೆ ಸ್ಕೂಬಾ ಮಾಡೋಣ ಅನ್ನೋ ಮಾತು ಮನೆಗಳಲ್ಲಿ ಶುರು. ಆದರೆ ಏನು ಕಲಿಸ್ತಾರೆ, ಏನು ಸರ್ಟಿಫಿಕೇಟ್ ಕೊಡ್ತಾರೆ, ವಾಪಸ್ ಬರೋವಾಗ ಏನು ಎಚ್ಚರ ಬೇಕು ಅನ್ನೋದು ಅನೇಕರಿಗೆ ತಿಳಿದಿಲ್ಲ. ಪೂರ್ತಿ ಮಾಹಿತಿ ಇಲ್ಲಿದೆ.

ಎಲ್ಲಿ, ಯಾವಾಗ?

ನೇತ್ರಾಣಿ ದ್ವೀಪ ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಸಮುದ್ರದೊಳಗಿದೆ. ಸೀಸನ್ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇವರೆಗೆ. ಮಳೆಗಾಲದಲ್ಲಿ ದೋಣಿ ಹೋಗಲ್ಲ. ನಮ್ಮ ಪಕ್ಕದ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದಲೇ ಮುರುಡೇಶ್ವರಕ್ಕೆ ರೈಲಿದೆ. ಸಮಯ ಬದಲಾಗ್ತಿರುತ್ತೆ, ವಿಚಾರಿಸಿಕೊಂಡು ಹೊರಡಿ.

ಎರಡು ಬಗೆ, ಗೊಂದಲ ಬೇಡ

ಬಹುಪಾಲು ಜನ ಮಾಡೋದು ಒಂದು ದಿನದ ‘ಟ್ರೈ ಡೈವ್’. ಈಜು ಬರಬೇಕೆಂದಿಲ್ಲ. ಸ್ವಲ್ಪ ಹೊತ್ತು ಪಾಠ ಹೇಳಿ, ತರಬೇತುದಾರರು ಕೈ ಹಿಡಿದೇ ನೀರಿಗಿಳಿಸ್ತಾರೆ. 12 ಮೀಟರ್ ದಾಟುವಂತಿಲ್ಲ. ಕೊನೆಗೆ ಕೈಗೆ ಕೊಡೋ ಕಾಗದ ನೆನಪಿಗೆ ಅಷ್ಟೇ. ಅದನ್ನ ತೋರಿಸಿ ಅಂಡಮಾನ್‌ನಲ್ಲೋ ಮಾಲ್ಡೀವ್ಸ್‌ನಲ್ಲೋ ಕಲಿತವರಂತೆ ಡೈವ್ ಮಾಡೋಕೆ ಬಿಡಲ್ಲ.

ಎರಡನೆಯದು ‘ಓಪನ್ ವಾಟರ್’ ಕೋರ್ಸ್. ನಿಜವಾದ ಕಾರ್ಡ್ ಸಿಗೋದು ಇದರಲ್ಲಿ. ಇದನ್ನ ಸರ್ಕಾರ ಕೊಡಲ್ಲ. ಪ್ಯಾಡಿ, ಎಸ್‌ಎಸ್‌ಐ ಥರದ ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಗಳು ಕೊಡುತ್ತವೆ. ಪ್ಯಾಡಿ ಲೆಕ್ಕದಲ್ಲಿ:

• ವಯಸ್ಸು ಕನಿಷ್ಠ 10. 15ರೊಳಗಿನವರಿಗೆ ಜೂನಿಯರ್ ಕಾರ್ಡ್.
• ಪಾಠ ಓದಿ ಪರೀಕ್ಷೆ ಬರೆಯಬೇಕು. ಮೊಬೈಲ್‌ನಲ್ಲೇ ಓದಬಹುದು.
• 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಈಜಿಗೆ ಸಮಯದ ಮಿತಿ ಇಲ್ಲ.
• ಮೊದಲು ಈಜುಕೊಳದಲ್ಲಿ ಅಭ್ಯಾಸ, ಆಮೇಲೆ ಸಮುದ್ರದಲ್ಲಿ 4 ಡೈವ್. ಇದಕ್ಕೆ ಕನಿಷ್ಠ 2 ದಿನ ಬೇಕು.
• ಪಾಸಾದರೆ ಜೊತೆಗಾರರೊಂದಿಗೆ 18 ಮೀಟರ್‌ವರೆಗೆ ಇಳಿಯಬಹುದು. ಕಾರ್ಡ್‌ಗೆ ಅವಧಿ ಮುಗಿಯೋದಿಲ್ಲ. ಆದರೆ ವರ್ಷಗಟ್ಟಲೆ ಬಿಟ್ಟಿದ್ದರೆ ಮತ್ತೊಮ್ಮೆ ಅಭ್ಯಾಸ ಮಾಡಿಯೇ ಇಳಿಯಬೇಕು.

ಅಂಗಡಿ ಬಾಗಿಲು ನಾಲ್ಕೈದು ದಿನ ಹಾಕೋಕಾಗಲ್ಲ ಅನ್ನೋರು ಓದು, ಈಜುಕೊಳದ ಅಭ್ಯಾಸ ಬೆಂಗಳೂರಲ್ಲೇ ಮುಗಿಸಿ, ಸಮುದ್ರದ ಡೈವ್‌ಗೆ ಮಾತ್ರ ಹೋಗಬಹುದು. ಇದಕ್ಕೆ ‘ರೆಫರಲ್’ ಅಂತಾರೆ.

ನೀರೊಳಗೆ ಏನಾಗುತ್ತೆ?

ಸಿಲಿಂಡರ್‌ನಲ್ಲಿರೋದು ಆಕ್ಸಿಜನ್ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಅಲ್ಲ, ಸಾಮಾನ್ಯವಾಗಿ ನಾವು ಉಸಿರಾಡೋ ಗಾಳಿಯನ್ನೇ ಒತ್ತಿ ತುಂಬಿರ್ತಾರೆ. 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗುತ್ತೆ, ಕಿವಿ ನೋಯುತ್ತೆ. ಮೂಗು ಹಿಡಿದು ಮೆಲ್ಲಗೆ ಊದಿ ಸರಿಮಾಡಿಕೊಳ್ಳಬೇಕು. ನೋವು ಬಂದ ಮೇಲಲ್ಲ, ಬರೋ ಮುಂಚೆಯೇ. ಮೇಲೆ ಬರುವಾಗ ಯಾವ ಕಾರಣಕ್ಕೂ ಉಸಿರು ಕಟ್ಟಬಾರದು. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರೋಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತೆ, ಶ್ವಾಸಕೋಶಕ್ಕೆ ಪೆಟ್ಟಾಗುತ್ತೆ.

ಘಾಟಿ ಹತ್ತೋ ಮುಂಚೆ ಕಾಯಲೇಬೇಕು

ಬೆಂಗಳೂರಿನವರು ಮರೆಯಬಾರದ ಮಾತು ಇದು. ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ದೇಹದಲ್ಲಿ ಕರಗಿ ಉಳಿಯುತ್ತೆ. ನಿಧಾನಕ್ಕೆ ಹೊರಗೆ ಹೋಗೋಕೆ ಬಿಡಬೇಕು. ತಕ್ಷಣ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳಬಹುದು. ಕೀಲು ನೋವು, ಜೋಮು, ತಲೆಸುತ್ತು, ಕೆಲವೊಮ್ಮೆ ಪಾರ್ಶ್ವವಾಯು ಕೂಡ.

ವಿಮಾನಕ್ಕೆ ನಿಯಮ ಇದೆ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬಸ್ಸಾಗಲಿ ರೈಲಾಗಲಿ ಘಾಟಿ ಹತ್ತಲೇಬೇಕು. ಹಾಗಾಗಿ ರಸ್ತೆ ಪ್ರಯಾಣಕ್ಕೂ ಇದೇ ಲೆಕ್ಕ ಇಟ್ಟುಕೊಳ್ಳೋದು ಕ್ಷೇಮ. ಕೋರ್ಸ್‌ನ ಕೊನೆಯ ಡೈವ್ ಮಧ್ಯಾಹ್ನ 12ಕ್ಕೆ ಮುಗಿದರೆ ಮಾರನೇ ದಿನ ಬೆಳಗ್ಗೆ 6ರ ಮೇಲೆ ಘಾಟಿ ಹತ್ತಿ. ಬೆಳಗ್ಗೆ ಡೈವ್ ಮಾಡಿ, ಸಂಜೆ ಕಾರು ಹತ್ತಿ, ಬೆಳಗಾಗೋ ಮುಂಚೆ ಅಂಗಡಿ ತೆಗೀತೀನಿ ಅನ್ನೋ ಲೆಕ್ಕ ಬೇಡ. ಒಂದು ರಾತ್ರಿ ರೂಮ್ ಬಾಡಿಗೆ ಹೆಚ್ಚಾದರೂ ಪರವಾಗಿಲ್ಲ.

ವಾಪಸ್ ಬಂದ ಮೇಲೆ ಮೇಲಿನ ಲಕ್ಷಣ ಕಂಡರೆ ಸುಸ್ತು ಅಂತ ಮಲಗಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ‘ಡೈವ್ ಮಾಡಿ ಬಂದಿದ್ದೀನಿ’ ಅಂತ ಡಾಕ್ಟರ್‌ಗೆ ಮೊದಲೇ ಹೇಳಿ.

ದುಡ್ಡು ಕಟ್ಟೋ ಮುಂಚೆ ಕೇಳಿ

1. ಇದು ಟ್ರೈ ಡೈವೋ, ಕಾರ್ಡ್ ಸಿಗೋ ಕೋರ್ಸೋ?
2. ದೋಣಿ, ಸಲಕರಣೆ, ಕಾರ್ಡ್ ಶುಲ್ಕ, ಫೋಟೋ – ಎಲ್ಲಾ ಸೇರಿ ರೇಟೆಷ್ಟು?
3. ತರಬೇತುದಾರರ ನಂಬರ್ ಏನು? ಅದು ಚಾಲ್ತಿಯಲ್ಲಿದೆಯಾ ಅಂತ ಸಂಸ್ಥೆಯ ವೆಬ್‌ಸೈಟಲ್ಲಿ ನೋಡಿ.
4. ಒಬ್ಬ ತರಬೇತುದಾರರ ಜೊತೆ ಎಷ್ಟು ಜನ ಇಳಿಯುತ್ತಾರೆ?
5. ದೋಣಿಯಲ್ಲಿ ಆಕ್ಸಿಜನ್ ಕಿಟ್ ಇದೆಯಾ?
6. ಕಡಲು ಒರಟಾಗಿ ದೋಣಿ ಹೊರಡದಿದ್ದರೆ ದುಡ್ಡು ವಾಪಸಾ, ಬೇರೆ ದಿನವಾ?

ಆರೋಗ್ಯದ ಫಾರಂ ತುಂಬುವಾಗ ಸುಳ್ಳು ಬೇಡ. ಅಸ್ತಮಾ, ಹೃದಯದ ತೊಂದರೆ, ಬಿಪಿ, ಫಿಟ್ಸ್, ಕಿವಿ ಆಪರೇಷನ್ ಆಗಿದ್ದರೆ ಊರಲ್ಲೇ ಡಾಕ್ಟರ್ ಹತ್ರ ಸಹಿ ಮಾಡಿಸಿಕೊಂಡು ಹೋಗಿ. ಗರ್ಭಿಣಿಯರು ಇಳಿಯಬಾರದು. ನೆಗಡಿ ಇದ್ದರೆ ಆ ದಿನ ಬಿಟ್ಟುಬಿಡಿ. ಹಿಂದಿನ ರಾತ್ರಿ ಗುಂಡು ಪಾರ್ಟಿ ಬೇಡವೇ ಬೇಡ. ನೇತ್ರಾಣಿ ಎಲ್ಲಿಗೂ ಹೋಗಲ್ಲ, ಮುಂದಿನ ಸೀಸನ್‌ಗೂ ಅಲ್ಲೇ ಇರುತ್ತೆ.